ಹನ್ನೊಂದು ಸಾಲಿಗೆ ಮೂರು ಅಂಕ

ಕಾಲೇಜಿನ ಪ್ರವೇಶ ವಿಭಾಗದಲ್ಲಿ ಗುಮಾಸ್ತೆಯಾಗಿದ್ದ ಆಕೆಗೆ ಒಂದು ಗುಟ್ಟು ಗೊತ್ತಿತ್ತು. ಪ್ರವೇಶಕ್ಕೆ ಅರ್ಜಿ ಹಾಕಿದ ಮಕ್ಕಳೆಲ್ಲ ಇಪ್ಪತ್ತೈದು ನಿಮಿಷದಲ್ಲಿ ಒಂದು ಪ್ರಬಂಧ ಬರೆಯಬೇಕು, ಅದಕ್ಕೆ ಹತ್ತು ಅಂಕ ಎಂದು ಅರ್ಜಿಯಲ್ಲೇ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಆದರೆ ಆ ಪ್ರಬಂಧಗಳನ್ನು ಯಾರೂ ಓದುತ್ತಿರಲಿಲ್ಲ. ಓದುತ್ತಿದ್ದ ಇಬ್ಬರು ಭಾಷಾ ಮೇಷ್ಟ್ರುಗಳು ಒಂದೇ ವರ್ಷ ನಿವೃತ್ತರಾಗಿದ್ದರು. ಆಗ ಪ್ರಿನ್ಸಿಪಾಲರು, "ಪ್ರಬಂಧದ ಕಾಲಂ ಸದ್ಯಕ್ಕೆ ಖಾಲಿ ಬಿಡಿ" ಎಂದಿದ್ದರು. ಆ 'ಸದ್ಯ'ಕ್ಕೆ ಈಗ ಒಂಬತ್ತು ವರ್ಷ; ಸೀಟು ಸಿಗುತ್ತಿದ್ದದ್ದು ಬೋರ್ಡ್ ಪರೀಕ್ಷೆಯ ಅಂಕದ ಮೇಲಷ್ಟೇ.

ಪರೀಕ್ಷೆ ಮಾತ್ರ ತಪ್ಪದೆ ನಡೆಯುತ್ತಿತ್ತು. ಗಂಟೆ ಹೊಡೆಯುತ್ತಿತ್ತು, ಕಾಗದ ಕಿತ್ತುಕೊಳ್ಳುತ್ತಿದ್ದರು. ಕಟ್ಟುಗಳು ಈಕೆಯ ಮೇಜಿನ ಹಿಂದಿನ ಕಬ್ಬಿಣದ ಕಪಾಟು ಸೇರುತ್ತಿದ್ದವು. ಕಪಾಟು ತುಂಬಿದಾಗ ಹಳೆಯವನ್ನು ರದ್ದಿಗೆ ಹಾಕುವುದೂ ಈಕೆಯ ಕೆಲಸವೇ.

ಇದೆಲ್ಲ ಆಕೆಯ ನಿದ್ದೆ ಕೆಡಿಸಿದ್ದಿಲ್ಲ, ಆ ವರ್ಷ ಅಣ್ಣನ ಮಗಳು ಅರ್ಜಿ ಹಾಕುವ ತನಕ.

ಆಕೆ ಇದ್ದದ್ದು ಅಣ್ಣನ ಮನೆಯಲ್ಲೇ. ಅಣ್ಣ ಲಿಫ್ಟ್ ಮೆಕ್ಯಾನಿಕ್. ಯಾವುದೇ ವಸ್ತು ಏರಲಿಲ್ಲವೆಂದರೆ ಎಲ್ಲೋ ಒಂದು ಕಡೆ ಎಣ್ಣೆ ಕಡಿಮೆಯಾಗಿದೆ ಎಂದು ನಂಬಿದವನು. ಮಗಳು ಯೋಚಿಸಿ ಬರೆಯುವವಳು, ಒಂದು ಸಾಲು ಬರೆದು ಕಿಟಕಿ ನೋಡುವವಳು. ಅವನು ಅಡುಗೆಮನೆಯ ಟೈಮರ್ ತಂದು ಊಟದ ಮೇಜಿನ ಮೇಲಿಟ್ಟ. ಹುಡುಗಿ ನೀರು ಕುಡಿಯಲು ಲೋಟ ಎತ್ತಿದರೆ, "ನೀರಿನ ಮಹತ್ವ, ಇಪ್ಪತ್ತೈದು ನಿಮಿಷ, ಶುರು" ಎನ್ನುತ್ತಿದ್ದ. ಅತ್ತಿಗೆ ಟಿವಿಗೆ ಬಟ್ಟೆ ಮುಚ್ಚಿದಳು. ಮೂರು ತಿಂಗಳು ಆ ಮನೆಯಲ್ಲಿ ಸೀನುವವರೂ ಗಡಿಯಾರ ನೋಡಿ ಸೀನುತ್ತಿದ್ದರು.

"ನೀನು ಅಲ್ಲೇ ಕೆಲಸ ಮಾಡ್ತೀಯಲ್ಲ, ಹೇಳು. ಪ್ರಬಂಧನ ಹೇಗೆ ನೋಡ್ತಾರೆ?" ಎಂದು ಅಣ್ಣ ಕೇಳಿದ.

"ಆಫೀಸಿನ ವಿಷಯ ಹೊರಗೆ ಹೇಳೋ ಹಾಗಿಲ್ಲ" ಎಂದಳು ಆಕೆ. ಅದು ಸುಳ್ಳಲ್ಲ.

"ಅಷ್ಟು ಕಟ್ಟುನಿಟ್ಟು" ಎಂದು ಅಣ್ಣ ಹೆಂಡತಿಯ ಕಡೆ ನೋಡಿ ತಲೆಯಾಡಿಸಿದ.

ಪರೀಕ್ಷೆಯ ವಿಷಯ, 'ಕಾಯುವುದರಿಂದ ನಾನು ಕಲಿತದ್ದು'. ಹುಡುಗಿ ಮನೆಗೆ ಬಂದು ಚಪ್ಪಲಿ ಬಿಟ್ಟು, "ಹನ್ನೊಂದು ಸಾಲು ಬರೆದೆ. ಅಷ್ಟರಲ್ಲಿ ಗಂಟೆ ಹೊಡೀತು" ಎಂದಳು. ಅಪ್ಪ ಟೈಮರಿನ ಮುಳ್ಳನ್ನು ಸೊನ್ನೆಗೆ ತಿರುಗಿಸಿದ. ಮೂರು ತಿಂಗಳ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಎಂದು ಅತ್ತಿಗೆಯೇ ಅವನ ಪರವಾಗಿ ಹೇಳಿದಳು. ಅವನು ಮೂರು ದಿನ ಮಗಳೊಂದಿಗೆ ಮಾತು ಬಿಟ್ಟ. ಹುಡುಗಿ ತಟ್ಟೆಗೆ ಬಡಿಸಿದ್ದನ್ನು ಬೆರಳಲ್ಲಿ ಅತ್ತಿತ್ತ ಸರಿಸುತ್ತ ಕೂತಿರುತ್ತಿದ್ದಳು.

ನಾಲ್ಕನೆಯ ದಿನ ಊಟದ ಬಿಡುವಿನಲ್ಲಿ ಆಕೆ ಕಪಾಟಿನ ಬೀಗ ತೆಗೆದು ಸೋದರ ಸೊಸೆಯ ಕಾಗದ ಹುಡುಕಿದಳು. ಹನ್ನೊಂದೇ ಸಾಲು. 'ನನ್ನ ಅಪ್ಪ ಬಸ್ಸಿಗೆ ಕಾಯುವಾಗ ಬಸ್ಸು ಬರುವ ದಾರಿ ನೋಡುವುದಿಲ್ಲ. ಕಾಯುತ್ತಿರುವವರನ್ನು ನೋಡುತ್ತಾರೆ, ತಮಗಿಂತ ಮೊದಲು ಬಂದವರು ಎಷ್ಟು ಜನ ಎಂದು.' ಆಕೆ ಎರಡು ಸಲ ಓದಿದಳು. ಅಣ್ಣ ಹಾಗೆ ನಿಲ್ಲುವುದನ್ನು ನಲವತ್ತು ವರ್ಷದಿಂದ ಕಂಡಿದ್ದಳು, ಆದರೆ ನೋಡಿರಲಿಲ್ಲ.

ಅದನ್ನು ವಾಪಸ್ ಇಡಲು ಹೋಗಿ ಅದರ ಕೆಳಗಿನದನ್ನೂ ಓದಿದಳು. ಆಮೇಲೆ ಅದರ ಕೆಳಗಿನದು. ಒಟ್ಟು ಆರುನೂರ ಇಪ್ಪತ್ತು ಇದ್ದವು. ದಿನಕ್ಕೆ ಮೂವತ್ತೈದರಂತೆ, ಬುತ್ತಿ ಪಕ್ಕದಲ್ಲಿಟ್ಟುಕೊಂಡು, ಮೂರು ವಾರದಲ್ಲಿ ಮುಗಿಸಿದಳು. ನೂರಾ ನಲವತ್ತು ಮಕ್ಕಳು 'ತಾಳ್ಮೆಯು ಮಾನವನ ಅಮೂಲ್ಯ ಆಭರಣ' ಎಂದೇ ಶುರು ಮಾಡಿದ್ದರು. ಅವರೆಲ್ಲ ಒಂದೇ ಟ್ಯೂಷನ್ನಿನವರು. ಒಬ್ಬ ಇಡೀ ಪುಟದಲ್ಲಿ ಗಂಟೆ ಯಾವಾಗ ಹೊಡೆಯುತ್ತದೋ ಎಂಬ ಚಿಂತೆಯನ್ನಷ್ಟೇ ಬರೆದಿದ್ದ, ಚೆನ್ನಾಗಿಯೇ. ಒಬ್ಬಳು ಡಯಾಲಿಸಿಸ್ ವಾರ್ಡಿನ ಹೊರಗೆ ಅಮ್ಮನಿಗಾಗಿ ಕಾಯುವುದನ್ನು ಬರೆದಿದ್ದಳು. ಯಂತ್ರದ ಸದ್ದು ನಿಂತರೆ ಒಳ್ಳೆಯದೋ ಕೆಟ್ಟದ್ದೋ ಎಂದು ಮೊದಲ ವರ್ಷ ತನಗೆ ಗೊತ್ತಿರಲಿಲ್ಲ ಎಂದಿದ್ದಳು. ಆ ದಿನ ಆಕೆ ಬುತ್ತಿ ಮುಚ್ಚಿಟ್ಟಳು.

ಓದಿದ ಮೇಲೆ ಅಂಕ ಹಾಕದಿರಲು ಕೈ ಒಪ್ಪಲಿಲ್ಲ. ಹಳೆಯ ಮೇಷ್ಟ್ರುಗಳ ನಿಯಮದ ಚೀಟಿ ಕಪಾಟಿನ ಬಾಗಿಲಿಗೆ ಇನ್ನೂ ಅಂಟಿತ್ತು: ಅಪೂರ್ಣ ಪ್ರಬಂಧಕ್ಕೆ ಮೂರು ಮೀರಬಾರದು. ಡಯಾಲಿಸಿಸ್ ಹುಡುಗಿಗೆ ಒಂಬತ್ತು ಕೊಟ್ಟಳು. ಸೊಸೆಗೆ ಮೂರು. ಪೆನ್ನು ಒಂದು ಗಳಿಗೆ ನಿಂತಿತು, ಆಮೇಲೆ ಮುಂದಿನ ಹೆಸರಿಗೆ ಹೋಯಿತು.

ಆಯ್ಕೆ ಸಮಿತಿಯ ಸಭೆಯಲ್ಲಿ ಪ್ರಿನ್ಸಿಪಾಲರು ಪಟ್ಟಿ ನೋಡಿ ಕನ್ನಡಕ ಸರಿಮಾಡಿಕೊಂಡರು.

"ಈ ಕಾಲಂ ತುಂಬಿದೆಯಲ್ಲ."

"ಓದಿದೆ ಸರ್."

"ಎಲ್ಲಾನೂ?"

"ಎಲ್ಲಾನೂ."

"ಇದರಿಂದ ಏನಾದ್ರೂ ವ್ಯತ್ಯಾಸ ಆಗುತ್ತಾ?" ಎಂದು ಗಣಿತದ ಮೇಡಂ ಕೇಳಿದರು.

"ನೂರಿಪ್ಪತ್ತು ಸೀಟಲ್ಲಿ ಹದಿನೇಳು ಬದಲಾಗುತ್ತೆ. ಹದಿನೇಳು ಜನ ಒಳಗೆ, ಹದಿನೇಳು ಜನ ಹೊರಗೆ."

"ನಿಮ್ಮವರು ಯಾರಾದ್ರೂ ಇದ್ದಾರಾ ಇದರಲ್ಲಿ?" ಪ್ರಿನ್ಸಿಪಾಲರ ದನಿ ಸ್ವಲ್ಪ ಗಟ್ಟಿಯಾಯಿತು.

"ನಮ್ಮಣ್ಣನ ಮಗಳು. ಬರೀ ಬೋರ್ಡ್ ಪರೀಕ್ಷೆ ಅಂಕದಲ್ಲಿ ನೂರಾ ಹನ್ನೆರಡನೆಯವಳು. ಪ್ರಬಂಧ ಸೇರಿಸಿದರೆ ನೂರಾ ಇಪ್ಪತ್ತೇಳು. ಹೊರಗೆ."

ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಮಾತು ಯಾರೂ ಆಡಲಿಲ್ಲ, ಆದರೆ ಎಲ್ಲರ ಮುಖದಲ್ಲೂ ಬರೆದಿತ್ತು.

ಸಮಿತಿ ಮುಕ್ಕಾಲು ಗಂಟೆ ಚರ್ಚಿಸಿತು. ಗುಮಾಸ್ತೆ ಹಾಕಿದ ಅಂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ ಎಂದು ತೀರ್ಮಾನವಾಯಿತು. ಪ್ರಬಂಧ ಪರೀಕ್ಷೆಯನ್ನೇ ತೆಗೆದುಬಿಡೋಣ ಎಂದು ಮೇಡಂ ಹೇಳಿದರು. ತೆಗೆದರೆ ಕಾಲೇಜಿನ ಮಟ್ಟ ಇಳಿಯಿತೆಂದು ಪೋಷಕರು ಗಾಬರಿಯಾಗುತ್ತಾರೆ ಎಂದರು ಪ್ರಿನ್ಸಿಪಾಲರು. ಕೊನೆಗೆ ಮುಂದಿನ ವರ್ಷದಿಂದ ಅವಧಿಯನ್ನು ಮೂವತ್ತು ನಿಮಿಷಕ್ಕೆ ಏರಿಸಿದರು.

ಪಟ್ಟಿ ಗೋಡೆಗೆ ಅಂಟಿತು; ನೂರಾ ಹನ್ನೆರಡನೆಯದು ಅಣ್ಣನ ಮಗಳ ಹೆಸರು. ಅಣ್ಣ ಮಗಳ ಬೆನ್ನು ತಟ್ಟಿ, ಟೈಮರನ್ನು ಪಕ್ಕದ ಮನೆಯವರಿಗೆ ಕೊಟ್ಟುಬಂದ. ಅಂದು ಸಂಜೆ ಬಟ್ಟೆ ಮಡಚುವಾಗ ಆಕೆ ಸೊಸೆಗೆ ಎಲ್ಲ ಹೇಳಿದಳು.

"ಮೂರಾ?" ಎಂದಳು ಹುಡುಗಿ.

"ಮುಗಿದಿರಲಿಲ್ಲ."

"ಬರೆದಷ್ಟು ಚೆನ್ನಾಗಿರಲಿಲ್ವಾ ಅತ್ತೆ?"

"ಚೆನ್ನಾಗಿತ್ತು. ಅದಕ್ಕೇ ಮೂರು. ಇಲ್ಲದಿದ್ರೆ ಒಂದು ಹಾಕ್ತಿದ್ದೆ."

ಹುಡುಗಿ ಒಂದು ದಿಂಬಿನ ಚೀಲ ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. "ಒಂಬತ್ತು ತಗೊಂಡವಳಿಗೆ ಗೊತ್ತಾ?"

"ಅವಳಿಗೆ ಗೊತ್ತಿರೋದು ಸೀಟು ಸಿಗಲಿಲ್ಲ ಅಂತ ಅಷ್ಟೇ."

"ಅಷ್ಟೇ ಗೊತ್ತಿದ್ರೆ, ಬರೆದಿದ್ದು ಸರಿಯಿಲ್ಲ ಅಂದ್ಕೋತಾಳೆ" ಎಂದಳು ಹುಡುಗಿ.

ಮರುದಿನ ಆಫೀಸಿನವರೆಲ್ಲ ಊಟಕ್ಕೆ ಎದ್ದ ಮೇಲೆ ಆಕೆ ಡಯಾಲಿಸಿಸ್ ಹುಡುಗಿಯ ಅರ್ಜಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದಳು.

"ಕಾಲೇಜಿಂದ ಮಾತಾಡ್ತಿರೋದು. ಸೀಟಿನ ವಿಷಯ ಅಲ್ಲ. ನಿನ್ನ ಪ್ರಬಂಧ ಓದಿದ್ದೀವಿ, ಅಂತ ಹೇಳೋಕೆ."

"ಯಾರು ಓದಿದ್ದು?"

"ನಾನು. ಇಲ್ಲಿ ಗುಮಾಸ್ತೆ. ತುಂಬಾ ಚೆನ್ನಾಗಿದೆ."

"ಅದರಿಂದ ಏನಾದ್ರೂ ಆಗುತ್ತಾ?"

"ಇಲ್ಲಮ್ಮ."

ಆ ಕಡೆ ಯಾರೋ ಪಾತ್ರೆ ಇಟ್ಟ ಸದ್ದು. ಫೋನ್ ಇಟ್ಟಳೇನೋ ಎಂದುಕೊಳ್ಳುವಷ್ಟರಲ್ಲಿ ಹುಡುಗಿ ಕೇಳಿದಳು, "ಯಾವ ಭಾಗ?"

ಆಕೆ ಕಾಗದವನ್ನು ಬೆಳಕಿಗೆ ಹಿಡಿದು, ಮೊದಲ ಸಾಲಿನಿಂದ ಓದಲು ಶುರು ಮಾಡಿದಳು.