ಅಮ್ಮನ ರುಜು

ಮಗಳು ಕೋಣೆಗೆ ಬಂದಾಗ ಇಲಾಖೆಯ ನಿರ್ದೇಶಕರು ಅಮ್ಮನ ಬೀರುವಿಗೆ ಕೈ ಹಾಕಿದ್ದರು. ನಡುಮನೆಯಿಂದ ಅಮ್ಮನ ದೇಹವನ್ನು ಇನ್ನೂ ಎತ್ತಿರಲಿಲ್ಲ.

“ಏನ್ ಹುಡುಕ್ತಿದೀರಾ?”

“ಆಫೀಸಿನದೊಂದು ಫೈಲು ಕಣಮ್ಮ. ಮೇಡಂ ಹತ್ರಾನೇ ಉಳಿದುಬಿಟ್ಟಿತ್ತು.”

“ಅಮ್ಮ ರಿಟೈರ್ ಆಗಿ ಹದಿನಾಲ್ಕು ವರ್ಷ ಆಯ್ತು. ಇವತ್ತೇ ಬೇಕಾಯ್ತಾ?”

ಅವರು ಕನ್ನಡಕ ಒರೆಸಿಕೊಂಡರು. ಅಮ್ಮ ರೋಗ ನಿಯಂತ್ರಣ ಇಲಾಖೆಯನ್ನು ನಡೆಸುತ್ತಿದ್ದಾಗ ಇವರು ಆಕೆಯ ಸಹಾಯಕ. ಈಗ ಅದೇ ಕುರ್ಚಿ ಇವರದು. ಅವರು ಹೊರಗೆ ಹೋದರು. ಆದರೆ ಹೆಜ್ಜೆ ಸಪ್ಪಳ ಬಾಗಿಲ ಆಚೆಯೇ ನಿಂತಿತು.

ಅವಳು ಚಿಲಕ ಹಾಕಿಕೊಂಡು ಸೀರೆಗಳ ಅಡಿ ತಡಕಾಡಿದಳು. ಫೈಲು ಸಿಕ್ಕಿತು.

*

ಇಪ್ಪತ್ತೆರಡು ವರ್ಷದ ಹಿಂದಿನ ಬೇಸಿಗೆ. ಕೆಳಬಡಾವಣೆಯ ನಲ್ಲಿಗಳಿಗೆ ಚರಂಡಿ ನೀರು ಸೇರಿ ವಾಂತಿಭೇದಿ ಹಬ್ಬಿತ್ತು. ಅಮ್ಮ ಹನ್ನೊಂದು ದಿನ ಮನೆಗೆ ಬರಲಿಲ್ಲ. ಶಾಲೆಯ ಬೆಂಚುಗಳನ್ನು ಜೋಡಿಸಿ ಆಸ್ಪತ್ರೆ ಮಾಡಿದ್ದಳು. ಇಲಾಖೆಯ ಮುಖ್ಯಸ್ಥೆ ಎನ್ನುವುದನ್ನು ಮರೆತು ತಾನೇ ಗ್ಲೂಕೋಸ್ ಏರಿಸುತ್ತಿದ್ದಳು. ಕೊನೆಗೆ ವರದಿ ಬಂತು. ಸತ್ತವರು ಏಳು ಜನ. ಕೆಳಗೆ ಅಮ್ಮನ ರುಜು.

“ನಮ್ಮ ಬೀದಿಯೊಂದ್ರಲ್ಲೇ ಒಂಬತ್ತು ಹೆಣ ಎತ್ತಿದ್ರು. ನಿಮ್ಮಮ್ಮಂಗೆ ಎಣಿಸೋಕೆ ಬರಲ್ವಾ?” ಎಂದು ಕಾಲೇಜಿನಲ್ಲಿ ಕೆಳಬಡಾವಣೆಯ ಗೆಳತಿ ಮಗಳನ್ನು ಕೇಳಿದಳು.

ಅದನ್ನೇ ಮಗಳು ಊಟಕ್ಕೆ ಕೂತಾಗ ಅಮ್ಮನಿಗೆ ಕೇಳಿದಳು.

“ಪೈಪು ಬದಲಾಯಿಸ್ತಿದಾರೆ, ನೋಡಿದ್ಯಾ?” ಎಂದಳು ಅಮ್ಮ.

“ನಾನ್ ಕೇಳಿದ್ದು ಅದಲ್ಲ.”

“ಗೊತ್ತು. ಊಟ ಮಾಡು.”

ಅಂದಿನಿಂದ ಅಮ್ಮ ಏನು ಹೇಳಿದರೂ ಅವಳು ಆ ಮಾತಿನ ಬೆನ್ನ ಹಿಂದೆ ಇಣುಕುತ್ತಿದ್ದಳು.

*

ಫೈಲಿನಲ್ಲಿ ಎರಡೇ ಹಾಳೆ. ಒಂದು, ಆಗ ಸಹಾಯಕರಾಗಿದ್ದ ಇದೇ ನಿರ್ದೇಶಕರ ಕೈಬರಹದ ಚೀಟಿ: ‘ಏಳು ಅಂತ ರುಜು ಹಾಕಿದರೆ ನಾಳೆಯೇ ಪೈಪಿನ ಆದೇಶ. ಇಲ್ಲವಾದರೆ ತನಿಖೆ ಮುಗಿಯುವವರೆಗೂ ಅದೇ ನೀರು. ಮೇಲಿನವರ ಮಾತು.’ ಇನ್ನೊಂದರಲ್ಲಿ ಅಮ್ಮನ ದುಂಡು ಅಕ್ಷರ. ಮೂವತ್ತೊಂದು ಹೆಸರು, ವಯಸ್ಸು, ಮನೆ ನಂಬರು.

ಬಾಗಿಲು ತೆಗೆದಾಗ ನಿರ್ದೇಶಕರು ಕೈ ಚಾಚಿದರು. “ಕೊಡಮ್ಮ. ಮೇಡಂ ಮರ್ಯಾದೆ ಪ್ರಶ್ನೆ.”

“ಯಾರ್ ಮರ್ಯಾದೆ?”

ಅವರನ್ನು ದಾಟಿ ಅವಳು ಅಂಗಳಕ್ಕಿಳಿದಳು. ಕೆಳಬಡಾವಣೆಯ ಕೆಲವರು ಗೇಟಿನ ಬಳಿಯೇ ನಿಂತಿದ್ದರು. ಕೈಮುಗಿಯಲು ಬಂದರೋ, ಸತ್ತದ್ದು ಖಾತ್ರಿ ಮಾಡಿಕೊಳ್ಳಲು ಬಂದರೋ ಗೊತ್ತಾಗುತ್ತಿರಲಿಲ್ಲ. ಅವಳು ಹೆಸರುಗಳನ್ನು ಗಟ್ಟಿಯಾಗಿ ಓದತೊಡಗಿದಳು. ಆರನೆಯದಕ್ಕೆ ಮುದುಕಿಯೊಬ್ಬಳು ಮುಂದೆ ಬಂದಳು.

“ನನ್ ಮಗ ಅವನು. ಇಷ್ಟು ವರ್ಷ ಇದು ನಿಮ್ಮನೇಲೇ ಇತ್ತಾ?”

“ಇತ್ತು.”

“ನಿಮ್ಮಮ್ಮಂಗೆ ಗೊತ್ತಿತ್ತಾ?”

“ಹೂಂ.”

ಮುದುಕಿ ಹಾಳೆ ಇಸಕೊಂಡಳು. “ನಂಗೆ ಓದೋಕ್ ಬರಲ್ಲ. ಯಾವ್ದು ಅವನದು, ತೋರ್ಸು.”

ತೋರಿಸಿದ ಸಾಲಿನ ಮೇಲೆ ಬೆರಳು ಒತ್ತಿ ಹಿಡಿದಳು. ಅಷ್ಟರಲ್ಲಿ ಅಮ್ಮನನ್ನು ಹೊರಗೆ ತಂದರು. ಜನ ಸರಿದು ದಾರಿ ಬಿಟ್ಟರು. ಮುದುಕಿ ಬೆರಳು ತೆಗೆಯಲಿಲ್ಲ, ಗೇಟಿನಿಂದ ಸರಿಯಲೂ ಇಲ್ಲ. ಹೊತ್ತವರು ಹೆಗಲು ಬದಲಿಸಿಕೊಂಡು, ಬಿಸಿಲಿನಲ್ಲಿ, ಅವಳಿಗಾಗಿ ಕಾದು ನಿಂತರು.