ವಾಮದೇವಪ್ಪನ ನೂಲು

"ಯಾರಾದ್ರೂ ಒಂದು ಮೊಳ ನೂಲು ಕೊಡ್ರಿ, ಗುತ್ತೆಪ್ಪ ಫೋನ್ನಾಗ ಕಾಯಕತ್ಯಾನೆ," ಎಂದು ಸಿದ್ದೇಶ ತೀರಿಹೋದ ಅಪ್ಪ ವಾಮದೇವಪ್ಪನ ಪಾದದ ಬಳಿ ಕೂತು ಮೂರನೇ ಸಲ ಕೇಳಿದ.

ನಂದಿಗುಡಿಯ ಹೊಲದಲ್ಲಿ ಗುಣಿ ತೋಡಲು ನಿಂತಿದ್ದ ಗುತ್ತೆಪ್ಪನಿಗೆ ಸತ್ತವರ ಪಾದದ ಅಳತೆ ಬೇಕಿತ್ತು. ಆ ಪಾದದ ಲೆಕ್ಕದಲ್ಲೇ ಗುಣಿಯ ಉದ್ದಗಲ ಇಡುವುದು ಅವರ ಮನೆತನದ ಪದ್ಧತಿ. ದಾವಣಗೆರೆಯ ಕೆ.ಬಿ. ಬಡಾವಣೆಯ ಆ ಪುಟ್ಟ ಮನೆಯಲ್ಲಿ ವಿಭೂತಿ ಇತ್ತು, ಹೂವಿತ್ತು, ಅತ್ತು ಸುಸ್ತಾದ ನೆಂಟರಿದ್ದರು. ನೂಲು ಮಾತ್ರ ಯಾರ ಕೈಗೂ ಸಿಗಲಿಲ್ಲ. ಅದೆಲ್ಲಿದೆ ಎಂದು ವಾಮದೇವಪ್ಪನ ಹೆಂಡತಿ ಕಮಲಕ್ಕನಿಗೆ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ.

ಕೊನೆಗೆ ಅವಳೇ ಎದ್ದು ಗಂಡ ಬಿದ್ದ ದಿನ ಮಾಳಿಗೆಯಿಂದ ಇಳಿಸಿ ಮೆಟ್ಟಿಲ ಕೆಳಗಿಟ್ಟಿದ್ದ ತಗಡಿನ ಟ್ರಂಕು ತೆರೆದಳು. ಮೇಲೆಯೇ ಕೆಂಪು ನೂಲಿನ ಉಂಡೆ ಇತ್ತು. ಅದರಡಿ ಒಂದು ನೋಟ್ ಬುಕ್ಕು. ಅದಕ್ಕೂ ಕೆಳಗೆ, ಹಳೇ ಪೇಪರಿನಲ್ಲಿ ಸುತ್ತಿಟ್ಟ ಎತ್ತಿನ, ಆಡಿನ, ನಾಯಿಯ, ಕೋಳಿಯ ತೊಡೆ ಎಲುಬುಗಳು.

"ಶಿವ ಶಿವಾ, ಇವಿನ್ನೂ ಅದಾವೇನೇ ಮನ್ಯಾಗ?" ಎಂದಳು ಉಡಚಮ್ಮ. ಎಪ್ಪತ್ತೆಂಟು ವರ್ಷದ ಈಕೆ ವಾಮದೇವಪ್ಪನ ಅಕ್ಕ. ಬೆಳಗಿನಿಂದ ಮನೆಯ ಯಜಮಾನಿಕೆ ಅವಳದೇ ಆಗಿತ್ತು. "ಲಿಂಗ ಕಟ್ಟಿದ ಕೈಯಾಗ ಎಲುಬು ಹಿಡಿಬ್ಯಾಡ ಅಂತ ಬಡಕೊಂಡೆ. ಇವನ್ನ ನೋಡಾಕ ಹೋಗೇ ಮೆಟ್ಟಿಲ ಮ್ಯಾಲಿಂದ ಬಿದ್ದ. ಇವೇ ನನ್ನ ತಮ್ಮನ್ನ ತಿಂದ್ವು. ಸಿದ್ದೇಶ, ಗಾಡ್ಯಾಗ ಹಾಕಪ್ಪ ಇದನ್ನ. ಹರಿಹರದಾಗ ಹೊಳಿಗೆ ಬಿಟ್ಟು ಮುಂದಕ್ಕ ಹೋಗಾನ."

ಕಮಲಕ್ಕ ನೂಲನ್ನು ಗಂಡನ ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಹಿಡಿದಳು. "ಒಂದು ಗೇಣು, ಮ್ಯಾಲೆ ಒಂದು ಬೆರಳು," ಎಂದಳು ಫೋನಿಗೆ. "ಇನ್ನೊಂದು ಮಾತು ಗುತ್ತೆಪ್ಪ. ಇವರ ಬಲಗಾಲು ಮಡಚಾಕ ಬರಂಗಿಲ್ಲ, ತೊಡಿ ಮುರ್ದೈತೆ. ಮುಂದುಗಡೆ ಒಂದಿಷ್ಟು ಜಾಗ ಜಾಸ್ತಿ ತೆಗಿ."

ಕುರ್ಚಿಯಲ್ಲಿ ಕೂರಿಸಿ ಪಂಚೆಯಲ್ಲಿ ಬಿಗಿದಿದ್ದ ವಾಮದೇವಪ್ಪ ಒಂದು ಕಾಲು ಮಡಚಿ, ಇನ್ನೊಂದನ್ನು ಚಾಚಿಕೊಂಡು, ಪಾಠ ಕೇಳುವವರಿಗಾಗಿ ಕಾಯುತ್ತಿರುವಂತೆ ಕೂತಿದ್ದ.

*

ಅವನು ಪಾಠ ಮಾಡುವ ಮೇಷ್ಟ್ರೇನಲ್ಲ. ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದವನು. ಗಾಜಿನ ಜಾಡಿ ಒರೆಸುವುದು, ಅಸ್ಥಿಪಂಜರದ ಧೂಳು ಹೊಡೆಯುವುದು ಅವನ ಕೆಲಸ. ಧೂಳು ಹೊಡೆಯುತ್ತ ಹೊಡೆಯುತ್ತ ಒಂದು ಪ್ರಶ್ನೆ ತಲೆಗೆ ಹೊಕ್ಕಿತು, ಆಮೇಲೆ ಜಪ್ಪಯ್ಯ ಅಂದರೂ ಹೊರಗೆ ಹೋಗಲಿಲ್ಲ. ಎತ್ತಿನ ಎಲುಬು ಅಷ್ಟು ಗಿಡ್ಡ ಗುಂಡ, ನಾಯಿಯದು ಅಷ್ಟು ಸಪೂರ, ಯಾಕೆ?

ಮದುವೆಯಾದ ಹೊಸತರಲ್ಲಿ ಕಮಲಕ್ಕ ನುಗ್ಗೆಕಾಯಿ ಹೆಚ್ಚುತ್ತಿದ್ದಾಗ ಅವಳ ಕೈಯಿಂದ ಒಂದನ್ನು ಕಸಿದುಕೊಂಡು, ನಡುವಿಗೆ ನೂಲು ಸುತ್ತಿದ್ದ.

"ನೋಡು, ಇದು ಒಂದು ಸುತ್ತು. ಈ ಸುತ್ತಿನ ನೂಲು ಉದ್ದಕ್ಕ ಎಷ್ಟು ಸಲ ಹಿಡಸ್ತತಿ ಎಣಿಸು. ಕಡಿಮಿ ಸಲ ಅಂದ್ರ ಗಟ್ಟಿ ಆಸಾಮಿ, ಜಾಸ್ತಿ ಸಲ ಅಂದ್ರ ಸಣಕಲ. ಎತ್ತಿಂದು ಎರಡೂ ಮುಕ್ಕಾಲು. ಆಡಿಂದು ಮೂರೂ ಕಾಲು. ನಾಯಿದು ನಾಕು."

"ಸಾರಿಗೆ ಹಾಕೋದನ್ನ ಕೊಡ್ರಿ ಇಲ್ಲಿ."

"ಆಡನ್ನ ಎತ್ತಿನಷ್ಟು ಎತ್ತರ ಹಿಗ್ಗಿಸಿದಿ ಅನ್ನು. ಎತ್ತರ ಎರಡು ಪಟ್ಟಾದ್ರ ಭಾರ ಎಂಟು ಪಟ್ಟು ಆಗ್ತತಿ. ಕಾಲು ಬರೇ ಎರಡು ಪಟ್ಟು ದಪ್ಪ ಆದ್ರ ಸಾಕಾಗ್ತತೇನು? ಮುರದು ಬೀಳ್ತತಿ. ಅದಕ್ಕ ದೊಡ್ಡವಕ್ಕ ಎಲುಬು ಗುಂಡಗೆ."

ಅವಳ ಬಳೆಯನ್ನೂ ಬಿಟ್ಟಿರಲಿಲ್ಲ. ಅಡ್ಡಳತೆಯ ಮೂರು ಪಟ್ಟಿಗೆ ಚೂರು ಸೇರಿಸಿದರೆ ಅದೇ ಸುತ್ತಳತೆ ಎಂದು ತೋರಿಸಿದ್ದ. ಅವಳಿಗೆ ನಗು ಬಂದಿತ್ತು. ಆ ದಿನ ಸಾರೂ ಚೆನ್ನಾಗಿಯೇ ಆಗಿತ್ತು.

ಎಲುಬು ತಂದುಕೊಡುತ್ತಿದ್ದವನು ಮಟನ್ ಅಂಗಡಿಯ ಹಿದಾಯತ್. ಕುದಿಸಿ ತೊಳೆಯುವುದು ಲ್ಯಾಬಿನಲ್ಲಿ, ಇಡುವುದು ಮನೆಯ ಹಿತ್ತಿಲ ಕೋಣೆಯಲ್ಲಿ. ನೋಟ್ ಬುಕ್ಕಿನಲ್ಲಿ ನಲವತ್ತು ಸಾಲು ತುಂಬಿದ್ದವು. 'ಮನುಷ್ಯ' ಎಂದು ಬರೆದ ಸಾಲು ಮಾತ್ರ ಖಾಲಿ.

"ಕಾಲೇಜಿನಾಗ ಮನುಷ್ಯಾನ ಪಂಜರ ಐತಲ್ರೀ?" ಎಂದು ಅವಳು ಒಮ್ಮೆ ಕೇಳಿದ್ದಳು.

"ಅದು ಪ್ಲಾಸ್ಟಿಕ್ಕಿಂದು. ಪ್ಲಾಸ್ಟಿಕ್ಕಿಗೆ ಭಾರ ಹೊತ್ತು ಏನು ಗೊತ್ತೈತೆ?"

*

ಹರಿಹರದ ಸೇತುವೆ ಹತ್ತಿರ ಬಂದಾಗ ಉಡಚಮ್ಮ ಗಾಡಿ ನಿಲ್ಲಿಸಿದಳು. ಸಿದ್ದೇಶ ಮುಂದಿನಿಂದ ಇಳಿದು ಬಂದು ಟ್ರಂಕು ಎತ್ತಿಕೊಂಡ. ಹಿಂದೆ ವಾಮದೇವಪ್ಪನ ಕುರ್ಚಿ ಹಿಡಿದು ಕೂತಿದ್ದ ಹಿದಾಯತ್ ತಲೆ ತಗ್ಗಿಸಿದ.

"ತಡಿಯಪ್ಪ," ಎಂದಳು ಕಮಲಕ್ಕ. "ಅಕ್ಕ, ಅವು ಹಿತ್ತಿಲ ಕೋಣ್ಯಾಗ ತಮ್ಮಷ್ಟಕ್ಕ ತಾವು ಇದ್ವು. ವಾಸ್ನಿ ಅಂತ ಮಾಳಿಗಿ ಮ್ಯಾಲೆ ಹಾಕ್ಸಿದಾಕಿ ನಾನು. ವಾಸ್ನಿ ಗೀಸ್ನಿ ಏನೂ ಇರ್ಲಿಲ್ಲ. ನೆಂಟ್ರು ಆಡ್ಕೋತಾರಂತ ಹಟ ಮಾಡ್ದೆ. ಅದಕ್ಕ ಅವರು ಮೆಟ್ಟಿಲು ಹತ್ತಿದ್ದು."

ಕಮಲಕ್ಕ ಆಸ್ಪತ್ರೆಯ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ಮೊನ್ನೆ ಸಂಜಿಮುಂದ ಆಸ್ಪತ್ರ್ಯಾಗ ಎಕ್ಸರೆ ಫಿಲಂ ಕೊಡು, ನೂಲು ಕೊಡು, ಆ ಒಂದು ಸಾಲು ತುಂಬ್ತೀನಿ ಅಂದ್ರು. ಸಾಯೋ ಹೊತ್ನಾಗೂ ಎಲುಬೇ ಬೇಕೇನ್ರಿ ಅಂತ ಬೈದು, ಫಿಲಂ ಮಂಚದ ಕೆಳಗ ಹಾಕ್ದೆ. ಅವರು ಮತ್ತ ಕೇಳ್ಲಿಲ್ಲ."

ಆ ಮಾತು ಹೊರಗೆ ಬಿದ್ದ ಮೇಲೆ ಕಮಲಕ್ಕ ಅತ್ತಳು. ಬೆಳಗಿನಿಂದ ಬಾರದ ಅಳು ಅದು. ಅತ್ತು ಮುಗಿಸಿ, ಆಸ್ಪತ್ರೆಯ ಚೀಲದಿಂದ ಎಕ್ಸರೆ ಹೊರಗೆಳೆದು ಗಾಡಿಯ ಗಾಜಿಗೆ ಹಿಡಿದಳು. ಸೊಂಟದಿಂದ ಮಂಡಿಯವರೆಗಿನ ಎಲುಬು, ನಡುವೆ ಮುರಿದು ಎರಡು ತುಂಡಾಗಿ, ಬೆಳ್ಳಗೆ ಎದ್ದು ಕಂಡಿತು.

"ಆದ್ರ ಇದು ಸಣ್ಣಗೆ ಮೂಡೇತೆ, ಹಿದಾಯತ್. ಅವರ ಕಾಲು ಇದಕ್ಕಿಂತ ಉದ್ದ ಇತ್ತು."

"ಅದಕ್ಕೇನ್ರಿ ಅಕ್ಕಾರೆ," ಎಂದ ಹಿದಾಯತ್, ಮೂಗು ಒರೆಸಿಕೊಳ್ಳುತ್ತ. "ಫೋಟೋದಾಗ ಮನುಷ್ಯ ಸಣ್ಣಾದ್ರೂ ಮೂಗು ಮುಖದ ಲೆಕ್ಕ ಅದೇ ಇರ್ತತಲ್ಲ. ಅಣ್ಣಾರು ಎಷ್ಟು ಸಲ ಹೇಳ್ಯಾರ, ಉದ್ದ ದಪ್ಪ ಜೋಡೀಲೆ ನೋಡ್ಬೇಕು ಅಂತ."

ಕಮಲಕ್ಕ ಎಲುಬಿನ ಅಡ್ಡಳತೆಗೆ ನೂಲು ಹಿಡಿದಳು. ಅದರ ಮೂರು ಪಟ್ಟು, ಮೇಲೆ ಚೂರು, ಬಳೆಯ ಲೆಕ್ಕ. ಅಲ್ಲಿಗೆ ಗಂಟು ಹಾಕಿದಳು. ಆದರೆ ಒಂದು ಕೈ ಫಿಲಂ ಹಿಡಿದಿತ್ತು, ಇನ್ನೊಂದರಿಂದ ನೂಲು ಸರಿಸಿದರೆ ತುದಿ ಜಾರಿತು. ಎರಡನೇ ಸಲವೂ ಜಾರಿತು.

ಮುಪ್ಪಿನ ಬೆರಳೊಂದು ಬಂದು ನೂಲಿನ ತುದಿಯನ್ನು ಗಾಜಿಗೆ ಒತ್ತಿ ಹಿಡಿಯಿತು. ಉಡಚಮ್ಮನದು.

"ಹಿಡ್ಕಂಡೀನಿ. ಎಣಿಸು," ಎಂದಳು.

"ಒಂದು. ಎರಡು." ಮುರಿದ ಜಾಗ ದಾಟಿ ಕೆಳಗಿನ ತುಂಡಿಗೆ ನೂಲು ಹಿಡಿದರು. "ಮೂರು. ನಾಕು."

"ನಾಯಿಗೇ ನಾಕು ಅಂದಿದ್ದನಲ್ಲ?"

"ಹ್ಞೂಂ. ಇನ್ನೂ ಮಂಡಿ ಮುಟ್ಟಿಲ್ಲ ನೋಡ್ರಿ. ಐದು."

"ಮ್ಯಾಲೆ ಚೂರು ಉಳೀತು." ಉಡಚಮ್ಮ ಫಿಲಂಗೆ ಮುಖ ಹತ್ತಿರ ತಂದಳು. "ನಾಯಿಗಿಂತ ಸಪೂರ ಏನೇ ಇದು? ಇಷ್ಟರ ಮ್ಯಾಲೆ ನಿಂತು ನನ್ನ ತಮ್ಮ ಎಪ್ಪತ್ತೊಂದು ವರ್ಷ ಓಡಾಡಿದ್ನಾ? ಅದೂ ಎರಡೇ ಕಾಲಾಗ?"

ಹೊರಗೆ ಸಿದ್ದೇಶ ಟ್ರಂಕು ಹೊತ್ತು ನಿಂತೇ ಇದ್ದ.

"ಅದನ್ನ ಒಳಗ ಇಡಪ್ಪ," ಎಂದಳು ಉಡಚಮ್ಮ, ಗಾಜಿನಿಂದ ಬೆರಳು ತೆಗೆಯದೆ. "ಬುಕ್ಕು ತೆಗಿ. ಇನ್ನೊಂದ್ಸಲ ಎಣಿಸಿ ಬರಿಯಾನ."

ಫಿಲಂನ ಆಚೆ ಹೊಳೆ ಬಿಸಿಲಲ್ಲಿ ಹರಿಯುತ್ತಿತ್ತು. ಈಚೆ, ಕುರ್ಚಿಯ ಮೇಲೆ, ವಾಮದೇವಪ್ಪ ಬಲಗಾಲು ಚಾಚಿಕೊಂಡು ಕೂತಿದ್ದ.