ಕರಡಿಕಟ್ಟಿಯ ಮೋರ್ ಲವಣ

ತಾವರಗೇರಾದಿಂದ ಏಳು ಕಿಲೋಮೀಟರ್ ಆಚೆಗಿನ ಕರಡಿಕಟ್ಟಿ ಪದವಿಪೂರ್ವ ಕಾಲೇಜಿನಲ್ಲಿ ಹನ್ನೊಂದು ವರ್ಷ ಯಾರೂ ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಂದಂಕವನ್ನೂ ಕಳೆದುಕೊಂಡಿರಲಿಲ್ಲ. ಕಾರಣ ಒಂದು ಸೀಸೆ.

ಸೀಸೆಯಲ್ಲಿ ತಿಳಿಹಸಿರು ಹರಳುಗಳಿದ್ದವು. ಮೋರ್ ಲವಣ. ಕಬ್ಬಿಣದ ಸಲ್ಫೇಟನ್ನೂ ಅಮೋನಿಯಂ ಸಲ್ಫೇಟನ್ನೂ ಒಂದೇ ನೀರಿನಲ್ಲಿ ಕರಗಿಸಿ, ಕಾಯಿಸಿ, ಆರಲು ಬಿಟ್ಟರೆ ಎರಡೂ ಕೂಡಿ ಒಂದೇ ಹರಳಾಗುತ್ತವೆ. ದ್ವಿಲವಣ ಎನ್ನುವುದು ಇದಕ್ಕೇ. ಹಿಂದಿನ ಉಪನ್ಯಾಸಕ ಮದಾರಸಾಬರು ಯಾವುದೋ ಒಳ್ಳೆಯ ಗಳಿಗೆಯಲ್ಲಿ ಮಾಡಿಟ್ಟ ಹರಳುಗಳವು. ಅವರು ನಿವೃತ್ತರಾದಾಗ ಅವರ ಜಾಗಕ್ಕೆ ಸುಭಾಷ್ ಬಂದ. ಪರೀಕ್ಷೆಯ ದಿನ ಮಕ್ಕಳು ಬಟ್ಟಲಲ್ಲಿ ಏನೋ ಒಂದನ್ನು ಕುದಿಸುವುದು, ಕೊನೆಯಲ್ಲಿ ಸುಭಾಷ್ ಸೀಸೆಯಿಂದ ತಲಾ ಒಂದು ಚಮಚೆ ಹರಳು ಕೊಡುವುದು, ಪರೀಕ್ಷಕರು ನೋಡಿ ಸಹಿ ಹಾಕುವುದು, ಹರಳು ಮತ್ತೆ ಸೀಸೆಗೆ ಹೋಗುವುದು. ಹೀಗೆ ಆ ಹರಳು ಇನ್ನೂರು ಮಕ್ಕಳನ್ನು ದಾಟಿಸಿತ್ತು. ಸುಭಾಷ್ ಮಾತ್ರ ತನ್ನ ಕೈಯಾರೆ ಒಂದು ಹರಳನ್ನೂ ಮಾಡಿರಲಿಲ್ಲ. ಅವನು ಓದಿದ ಕಾಲೇಜಿನಲ್ಲೂ ಒಂದು ಸೀಸೆ ಇತ್ತು.

ಈ ವರ್ಷ ಪರೀಕ್ಷೆಯ ಹಿಂದಿನ ಮಧ್ಯಾಹ್ನ ಕಪಾಟು ತೆಗೆದರೆ ಹರಳೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿ ಮುದ್ದೆಗಟ್ಟಿದ್ದವು.

"ಹೋದ ವರ್ಷ ಯಾರೋ ಹಸೀದ ವಾಪಸ್ ಹಾಕ್ಯಾರ ನೋಡ್ರಿ," ಎಂದಳು ಅಟೆಂಡರ್ ಹುಲಿಗವ್ವ. ಆಕೆ ಮದಾರಸಾಬರ ಕಾಲದಿಂದಲೂ ಇಲ್ಲಿಯೇ ಇದ್ದವಳು. "ಉಪ್ಪಿನಕಾಯಿ ಆದ್ರೂ ಕೆಡತೈತಿ, ಇದೇನು ಬಿಡ್ರಿ."

ನಾಳೆ ಪರೀಕ್ಷಕರಾಗಿ ಬರುವವರು ಗಂಗಾವತಿ ಕಾಲೇಜಿನ ಹಾಜಿಸಾಬರು. ಹೋದ ವರ್ಷ ಅವರು ಬರೆದ ಒಂದು ವರದಿಯಿಂದಲೇ ಎಲ್ಲೋ ಒಂದು ಕಾಲೇಜಿನ ಪರೀಕ್ಷಾ ಕೇಂದ್ರ ರದ್ದಾಗಿತ್ತು ಎಂಬ ಮಾತಿತ್ತು. ಇಲ್ಲಿಯದೂ ಹೋದರೆ ಮುಂದಿನ ವರ್ಷ ಮಕ್ಕಳು ಕುಷ್ಟಗಿಗೆ ಹೋಗಬೇಕು. ಈ ವರ್ಷದ ಹನ್ನೆರಡು ಜನರಲ್ಲೇ ಒಂಬತ್ತು ಹುಡುಗಿಯರು. ಅಷ್ಟು ದೂರ ಕಳಿಸುವುದಕ್ಕಿಂತ 'ಆರ್ಟ್ಸ್ ತಗೋ' ಎನ್ನುವುದು ಮನೆಯವರಿಗೆ ಸುಲಭ. ಕೇಂದ್ರ ಹೋದರೆ ವಿಜ್ಞಾನವೂ ಹೋಯಿತೆಂದೇ ಲೆಕ್ಕ.

ಸುಭಾಷ್ ತಾನೇ ಒಲೆ ಹಚ್ಚಿದ. ಎರಡೂ ಲವಣ ಹಾಕಿದ, ನೀರು ಹಾಕಿದ, ಕುದಿಸಿದ. ಎಷ್ಟು ಕುದಿಸಬೇಕೆಂದು ತಿಳಿಯಲಿಲ್ಲ. ಮನೆಯಲ್ಲಿ ಬೆಲ್ಲದ ಪಾಕ ನೋಡಿದ್ದವನು, ಎಳೆ ಬರುವವರೆಗೆ ಕುದಿಸೋಣವೆಂದು ಕಾದ. ಎಳೆ ಬರಲಿಲ್ಲ, ಚಹದ ಬಣ್ಣ ಬಂತು.

"ಪಾಕ ಹತ್ತಿತು," ಎಂದಳು ಹುಲಿಗವ್ವ. "ಸರ, ನೀವು ಆ ಮೂಲ್ಯಾಗಿನ ಸೀಸೆದ್ದು ಎರಡ ಹನಿ ಹಾಕಲಿಲ್ಲ? ಮದಾರಸಾಬರು ಹಾಕ್ತಿದ್ರು. ಅದನ್ನ ಮುಟ್ಟಬ್ಯಾಡ, ಕೈ ಸುಡತೈತಿ ಅಂತ ನನ್ನ ಬೈತಿದ್ರು."

ಮೂಲೆಯ ಸೀಸೆಯಲ್ಲಿದ್ದದ್ದು ಸಲ್ಫ್ಯೂರಿಕ್ ಆಮ್ಲ. ನೀರು ಬೆರೆಸಿದ ಆಮ್ಲವನ್ನು ಸ್ವಲ್ಪ ಹಾಕದಿದ್ದರೆ ಕಬ್ಬಿಣ ಕಂದಾಗುತ್ತದೆ. ಈ ವಾಕ್ಯವನ್ನು ಸುಭಾಷ್ ಹನ್ನೊಂದು ವರ್ಷ ಮಕ್ಕಳಿಗೆ ಬರೆಸಿದ್ದ, ತಾನು ಕೇಳಿಸಿಕೊಂಡಿರಲಿಲ್ಲ.

ಎರಡನೆಯ ಸಲ ಆಮ್ಲ ಹಾಕಿದ. ಹಸಿರು ನಿಂತಿತು. ಆದರೆ ಎರಡು ನಿಮಿಷಕ್ಕೊಮ್ಮೆ ಬಟ್ಟಲು ಎತ್ತಿ, ಅಲುಗಿಸಿ, ಬೆಳಕಿಗೆ ಹಿಡಿದು ನೋಡಿದ. ಹರಳಿನ ಬದಲು ಸಣ್ಣ ರವೆಯಂತಹ ಪುಡಿ ಕೂತಿತು. ಅಷ್ಟರಲ್ಲಿ ಲವಣಗಳ ಡಬ್ಬಿಯ ತಳ ಕಂಡಿತ್ತು. ಉಳಿದದ್ದು ಹನ್ನೆರಡು ಮಕ್ಕಳಿಗೆ ಒಂದೊಂದು ಸಲಕ್ಕೆ ಮಾತ್ರ ಸಾಕು. ಕೈ ತಪ್ಪಿದರೆ ತಪ್ಪಿದ್ದೇ.

ಬೆಳಿಗ್ಗೆ ಹತ್ತಕ್ಕೆ ಹಾಜಿಸಾಬರು ಬಂದರು. ಬಿಳಿ ಗಡ್ಡ, ಬಗಲಲ್ಲಿ ಚರ್ಮದ ಚೀಲ. ಕೂತವರೇ, "ಕರಡಿಕಟ್ಟಿ ಹರಳು ಅಂದ್ರ ಭಾಳ ಹೆಸರುವಾಸಿ ಐತಲ್ರಿ," ಎಂದರು.

'ಎಲ್ಲಾ ಗೊತ್ತೈತಿ ಇವರಿಗೆ' ಎಂದುಕೊಂಡ ಸುಭಾಷ್.

"ಇವತ್ತು ಎಲ್ಲಾರೂ ತಾವ ಮಾಡ್ತಾರ್ರಿ," ಎಂದ. ಆ ಮಾತೇ ತಪ್ಪೊಪ್ಪಿಗೆಯಂತೆ ಕೇಳಿಸಿ ನಾಲಿಗೆ ಕಚ್ಚಿಕೊಂಡ.

"ಮತ್ಯಾರು ಮಾಡಬೇಕಿತ್ರಿ?" ಎಂದರು ಹಾಜಿಸಾಬರು.

ಮಕ್ಕಳು ತೂಗಿದರು, ಕರಗಿಸಿದರು, ಕಾಯಿಸಿದರು. ಮೂವರು ಹುಡುಗರದು ಕಣ್ಣೆದುರೇ ಕಂದಾಯಿತು. ಆಮ್ಲಕ್ಕೆ ಹೆದರಿ ಹಾಕಿರಲಿಲ್ಲ. ಉಳಿದ ಒಂಬತ್ತು ಬಟ್ಟಲುಗಳನ್ನು ಹುಲಿಗವ್ವ ಹಸಿ ಗೋಣಿತಟ್ಟಿನ ಮೇಲೆ ಸಾಲಾಗಿ ಇಟ್ಟಳು. ಫೆಬ್ರವರಿ ಮುಗಿದಿರಲಿಲ್ಲ, ತಗಡಿನ ಮಾಡು ಆಗಲೇ ಕಾದಿತ್ತು.

"ಈಗ ಯಾರೂ ಮುಟ್ಟಬ್ಯಾಡ್ರಿ," ಎಂದ ಸುಭಾಷ್. "ಅಲುಗಿದ್ರ ಹರಳು ದೊಡ್ಡವು ಆಗೂದಿಲ್ಲ. ನಿಧಾನಕ್ಕ ತಣ್ಣಗಾಗಬೇಕು. ಇದು ವಿಜ್ಞಾನ."

ವಿಜ್ಞಾನವನ್ನು ಕೇಳಿದ ಎಂಟು ಜನ ಬಟ್ಟಲ ಮೇಲೆ ಬಗ್ಗಿದರು. ಒಬ್ಬಳು ಗಾಜಿನ ಕಡ್ಡಿ ಅದ್ದಲು ಕೈ ಚಾಚಿದಳು.

"ಏ, ಸರೀರಿ ಅತ್ತಾಗ!" ಹುಲಿಗವ್ವನ ದನಿಗೆ ಹೊರಗಿನ ನಾಯಿಯೂ ಎದ್ದಿತು. "ಹಿಂಗ ಬಾಯಿ ತಗದು ನೋಡಿದ್ರ ದೃಷ್ಟಿ ತಗಲೂದಿಲ್ಲ? ಬಾಣಂತಿ ಕೋಣ್ಯಾಗ ಹಿಂಗ ಇಣಕ್ತೀರೇನು? ಗ್ವಾಡಿ ಕಡೆ ಮುಖ ಮಾಡಿ ಕುಂಡರ್ರಿ!"

ಹನ್ನೆರಡು ಜನವೂ ಗೋಡೆಯ ಕಡೆ ತಿರುಗಿದರು. ಹಾಜಿಸಾಬರು ಒಂದು ಬಟ್ಟಲಿನ ಹತ್ತಿರ ನಿಂತೇ ಇದ್ದರು.

"ಸಾಹೇಬ್ರ, ನೀವೂ ಬರ್ರಿ. ಗಡ್ಡ ಬೆಳ್ಳಗಾದ್ರ ದೃಷ್ಟಿ ತಗಲೂದಿಲ್ಲಂತ ಏನಿಲ್ಲ."

ಸುಭಾಷ್ ಕಣ್ಣು ಮುಚ್ಚಿಕೊಂಡ. ಕೇಂದ್ರ ಹೋಯಿತು, ವರದಿಯಲ್ಲಿ 'ಮೂಢನಂಬಿಕೆ' ಎಂಬ ಪದವೂ ಬಂತು. ಕಣ್ಣು ಬಿಟ್ಟಾಗ ಹಾಜಿಸಾಬರು ಕಿಟಕಿಯ ಕಡೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತಿದ್ದರು.

ಒಂದು ತಾಸು ಕಳೆಯಿತು. ಫ್ಯಾನಿನ ಗಾಳಿಯೂ ಬಟ್ಟಲು ಅಲುಗಿಸೀತೆಂದು ಹುಲಿಗವ್ವ ಅದನ್ನೂ ನಿಲ್ಲಿಸಿದ್ದಳು. ಸುಭಾಷ್ ಆ ತಾಸಿನಲ್ಲಿ ಮನಸ್ಸಿನಲ್ಲೇ ಕುಷ್ಟಗಿಗೆ ನಾಲ್ಕು ಸಲ ಹೋಗಿಬಂದ.

"ಈಗ ನೋಡ್ರಿ," ಎಂದಳು ಹುಲಿಗವ್ವ.

ಎಂಟು ಬಟ್ಟಲ ತಳದಲ್ಲಿ ಹಸಿರು ಹರಳು ಕೂತಿದ್ದವು. ಸಣ್ಣವು, ಸೊಟ್ಟವು, ಮದಾರಸಾಬರ ಹರಳಿನ ಕಾಲಧೂಳಿಗೂ ಸಾಟಿಯಾಗದವು. ಒಂಬತ್ತನೆಯದು ಗಿಣಿಗೇರಾದಿಂದ ಅಜ್ಜಿ ಮನೆಗೆ ಬಂದು ಓದುತ್ತಿದ್ದ ದುರಗಮ್ಮನದು. ಅದರಲ್ಲಿ ಬರೀ ಹಸಿರು ನೀರು.

"ಟೈಮ್ ಆತು ತಂಗಿ," ಎಂದರು ಹಾಜಿಸಾಬರು.

"ಹರಳು ಕೂಡತೈತ್ರಿ. ನಾ ನೀರು ಒಂಚೂರು ಜಾಸ್ತಿ ಹಾಕೀನಿ, ಅದಕ್ಕ ತಡ. ಹತ್ತು ನಿಮಿಷ ಕೊಡ್ರಿ."

"ನನ್ನ ಬಸ್ಸು?"

"ತಾವರಗೇರಾ ಬಸ್ಸು ಎಂದೂ ಟೈಮಿಗೆ ಬಂದಿಲ್ರಿ."

ಹಾಜಿಸಾಬರು ಗಡಿಯಾರ ನೋಡಿದರು, ತಾವಾಗಿಯೇ ಕಿಟಕಿಯ ಕಡೆ ತಿರುಗಿ ಕೂತರು. ಹತ್ತು ಹೋಗಿ ಇಪ್ಪತ್ತೈದು ನಿಮಿಷವಾಯಿತು. ದುರಗಮ್ಮನ ಬಟ್ಟಲಲ್ಲಿ ಅಕ್ಕಿಕಾಳಿಗಿಂತ ದಪ್ಪನೆಯ ಹರಳು ಕೂತವು. ಎಂಟರಲ್ಲೂ ಅಂಥವು ಇರಲಿಲ್ಲ.

ಮಕ್ಕಳು ಹೊರಗೆ ಹೋದರು. ದುರಗಮ್ಮ ಬಟ್ಟಲು ಬಿಟ್ಟು ಕದಲಲಿಲ್ಲ. ಹಾಜಿಸಾಬರು ಸುಭಾಷನ ಹತ್ತಿರ ಬಂದು ದನಿ ತಗ್ಗಿಸಿದರು.

"ಆ ಹಳೇ ಸೀಸೆ ಎಲ್ಲೈತ್ರಿ?"

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. "ಕೆಂಪಾತ್ರಿ," ಎಂದ ಸುಭಾಷ್.

"ನಮ್ಮದೂ ಆಗೇತ್ರಿ." ಹಾಜಿಸಾಬರು ಚೀಲದಿಂದ ಔಷಧಿಯ ಖಾಲಿ ಡಬ್ಬಿಯೊಂದನ್ನು ತೆಗೆದರು. "ನಾಡದು ನಮ್ಮಲ್ಲಿ ಪರೀಕ್ಷಾ. ನಿಮ್ಮ ಸೀಸೆದಾಗಿಂದ ಒಂದಿಷ್ಟು ಒಯ್ಯೂಣಂತ ಬಂದಿದ್ದೆ. ಇಪ್ಪತ್ತಾರು ವರ್ಷ ಆತು ಪಾಠ ಹೇಳಾಕ ಹತ್ತಿ, ಈ ಹರಳು ಕೂಡೂದನ್ನ ಇವತ್ತ ಮೊದಲ ಸಲ ನೋಡಿದ್ದು."

ಸುಭಾಷ್ ನಗಬೇಕೋ ಕೂರಬೇಕೋ ತಿಳಿಯದೆ ಕೂತ.

ಹಾಜಿಸಾಬರು ದುರಗಮ್ಮನ ಕಡೆ ತಿರುಗಿದರು. "ಇದ್ರಾಗ ಒಂದಿಷ್ಟು ಕೊಡ್ತಿಯೇನವ್ವಾ?"

ದುರಗಮ್ಮ ಬಟ್ಟಲನ್ನು ಎರಡೂ ಕೈಯಿಂದ ತನ್ನ ಕಡೆ ಎಳೆದುಕೊಂಡಳು.

"ಮೊದಲ ಮಾರ್ಕ್ಸ್ ಬರೀರಿ. ಆಮ್ಯಾಲ ಇಬ್ಬರೂ ಕೂಡಿ ನೋಡೂಣ್ರಿ."

ಹಾಜಿಸಾಬರು ಕುರ್ಚಿ ಎಳೆದುಕೊಂಡು ಪಟ್ಟಿ ಬಿಡಿಸಿದರು. ಕಂದಾದ ಮೂವರಿಗೆ ಮೂವತ್ತಕ್ಕೆ ಹದಿನಾರು, ಎಂಟು ಜನರಿಗೆ ಇಪ್ಪತ್ತೆರಡರಿಂದ ಇಪ್ಪತ್ತೈದು, ದುರಗಮ್ಮನಿಗೆ ಇಪ್ಪತ್ತೆಂಟು. ಕರಡಿಕಟ್ಟಿಯಲ್ಲಿ ಇಷ್ಟು ಕಡಿಮೆ ಅಂಕ ಎಂದೂ ಬಂದಿರಲಿಲ್ಲ. ಕೆಳಗೆ 'ಕೇಂದ್ರ ಮುಂದುವರಿಸಬಹುದೇ' ಎಂಬ ಸಾಲಿನೆದುರು 'ಹೌದು' ಎಂದು ಬರೆದು ಸಹಿ ಹಾಕಿದರು. ಸುಭಾಷ್ ಉಸಿರು ಬಿಟ್ಟ. ಮರುಗಳಿಗೆಯೇ, ಅಂಕ ಯಾಕೆ ಇಳಿಯಿತೆಂದು ಪ್ರಿನ್ಸಿಪಾಲರು ಕೇಳಿದರೆ ಏನು ಹೇಳಲಿ ಎಂಬ ಹೊಸ ಚಿಂತೆ ಹಿಡಿಯಿತು.